ಮಾತ್ರೆಯ ಬಣ್ಣ ಕೆಟ್ಟಿಲ್ಲ, ಔಷಧಿ ಕೆಟ್ಟಿರಬಹುದೇ?

ಪ್ರಶ್ನೆ: ಔಷಧಿಗಳ ಬಗ್ಗೆ ಓದುವಾಗ ‘ರಾಸಾಯನಿಕ ಸ್ಥಿರತೆ’ ಎಂಬ ಮಾತು ಸಿಗುತ್ತದೆ. ಬ್ಲೀಚ್‌, ಹೈಡ್ರೋಜನ್ ಪೆರಾಕ್ಸೈಡ್‌ಗಳಿಗೂ ಇದೇ ಮಾತು ಬಳಸುತ್ತಾರೆ. ಹಾಗೆಂದರೇನು? ನನ್ನ ಬಳಿ ಅವಧಿ ಮುಗಿದ ಮಾತ್ರೆಗಳಿವೆ. ಬಣ್ಣ, ಆಕಾರ ಏನೂ ಬದಲಾಗಿಲ್ಲ. ಅವು ಸ್ಥಿರವಾಗಿವೆ ಎಂದುಕೊಳ್ಳಬಹುದೇ?

ಉತ್ತರ: ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಔಷಧಿಯ ಅಣು ಒಡೆದು ಬೇರೆಯಾದರೂ ಮಾತ್ರೆ ಹೊಸದರಂತೆಯೇ ಕಾಣಬಹುದು.

ಯಾವ ಔಷಧಿಯೂ ಬದಲಾಗದೆ ಉಳಿಯುವುದಿಲ್ಲ. ಹೇಳಿದ ರೀತಿಯಲ್ಲಿ ಇಟ್ಟರೆ ಹೇಳಿದ ಅವಧಿಯವರೆಗೆ ಅದರ ಬದಲಾವಣೆ ಒಪ್ಪಬಹುದಾದ ಮಿತಿಯೊಳಗೆ ಇರುತ್ತದೆ ಎಂಬುದೇ ಸ್ಥಿರತೆ. ಎಷ್ಟೋ ಔಷಧಿಗಳಲ್ಲಿ ಲೇಬಲ್‌ನಲ್ಲಿ ಬರೆದ ಪ್ರಮಾಣದ ಸುಮಾರು ಶೇ 90ರಷ್ಟಾದರೂ ಉಳಿದಿರಬೇಕು ಎಂಬುದೇ ಈ ಮಿತಿ. ಒಡೆದಾಗ ಹುಟ್ಟುವ ವಸ್ತುಗಳಿಗೂ ಪ್ರತ್ಯೇಕ ಮಿತಿ ಇದೆ. ತಯಾರಕರು ಮಾದರಿಗಳನ್ನು ಸಾಮಾನ್ಯ ಸಂಗ್ರಹಣೆಯ ಸ್ಥಿತಿಯಲ್ಲಿ ದೀರ್ಘಕಾಲ ಇಟ್ಟು, ಜೊತೆಗೆ 40 ಡಿಗ್ರಿ ಸೆಲ್ಸಿಯಸ್, ಶೇ 75 ತೇವಾಂಶದಲ್ಲಿ 6 ತಿಂಗಳು ಇಟ್ಟು, ಆಗಾಗ ಅಳೆದು ಅವಧಿ ನಿಗದಿ ಮಾಡುತ್ತಾರೆ. ಹಾಗಾಗಿ ‘ಒಣಗಿದ, ತಂಪಾದ ಜಾಗದಲ್ಲಿಡಿ’ ಎಂಬ ಸೂಚನೆಯನ್ನು ಬಿಟ್ಟು ಬರೀ ದಿನಾಂಕ ನೋಡಿದರೆ ಪ್ರಯೋಜನವಿಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಔಷಧಿ ಒಡೆಯುವ ಅನೇಕ ಕ್ರಿಯೆಗಳ ವೇಗ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ.

ಔಷಧಿಯ ದೊಡ್ಡ ಶತ್ರು ನೀರು. ಆಸ್ಪಿರಿನ್ ತೇವಾಂಶ ಹೀರಿದರೆ ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲವಾಗಿ ಒಡೆಯುತ್ತದೆ. ಹಳೆಯ ಡಬ್ಬಿ ತೆರೆದಾಗ ಬರುವ ವಿನೆಗರ್ ವಾಸನೆ ಅದರದೇ. ಮೂಗಿಗೆ ಹೀಗೆ ಸುಳಿವು ಸಿಗುವುದು ಅದೃಷ್ಟ, ಹೆಚ್ಚಿನ ಔಷಧಿಗಳಲ್ಲಿ ಅದೂ ಸಿಗದು. ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಪುಡಿಯಾಗಿದ್ದಾಗ ಬಹುಕಾಲ ಉಳಿಯುತ್ತದೆ. ನೀರು ಬೆರೆಸಿ ಸಿರಪ್ ಮಾಡಿದ ಮೇಲೆ ಅದರ ಆಯುಸ್ಸು ಉತ್ಪನ್ನಕ್ಕೆ ತಕ್ಕಂತೆ 7ರಿಂದ 14 ದಿನ. ಮುಂದಿನ ಜ್ವರಕ್ಕೆಂದು ಉಳಿಸಿಟ್ಟ ಅರ್ಧ ಬಾಟಲಿಯನ್ನು ಮಗುವಿಗೆ ಕುಡಿಸಬಾರದು ಎನ್ನುವುದು ಇದಕ್ಕೇ.

ಆಮ್ಲಜನಕ, ಬೆಳಕು ಕೂಡ ಔಷಧಿಯನ್ನು ಕೆಡಿಸುತ್ತವೆ. ಅಡ್ರಿನಲಿನ್ ಚುಚ್ಚುಮದ್ದಿನ ದ್ರವ ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಉತ್ಕರ್ಷಣಗೊಂಡಿದೆ, ಅಂದರೆ ಆಮ್ಲಜನಕದಿಂದ ಕೆಟ್ಟಿದೆ ಎಂದೇ ಅರ್ಥ.

ಶಕ್ತಿ ಕುಂದುವುದಷ್ಟೇ ಅಪಾಯವಲ್ಲ. ಕೆಟ್ಟುಹೋದ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಸೇವಿಸಿದವರಿಗೆ ಮೂತ್ರಪಿಂಡದ ತೊಂದರೆಯಾದ ಪ್ರಕರಣಗಳು 1963ರಲ್ಲಿ ವರದಿಯಾದವು. ಅಲ್ಲಿ ಹಾನಿ ಮಾಡಿದ್ದು ಔಷಧಿ ಒಡೆದು ಹುಟ್ಟಿದ ವಸ್ತು. ಎಲ್ಲ ಔಷಧಿಗಳೂ ಹೀಗೆ ವಿಷವಾಗುವುದಿಲ್ಲ, ನಿಜ. ಆದರೆ ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್‌ನಂಥ ಮಾತ್ರೆ ಸತ್ವ ಕಳೆದುಕೊಂಡಿದ್ದರೆ ಅಷ್ಟೇ ಸಾಕು, ಜೀವಕ್ಕೆ ಕುತ್ತು. ಅದು ಸುಲಭವಾಗಿ ಆವಿಯಾಗುವ ಔಷಧಿ. ಗಾಜಿನ ಸೀಸೆಯಲ್ಲಿ ಬಂದಿದ್ದರೆ ಪ್ಲಾಸ್ಟಿಕ್ ಡಬ್ಬಿಗೆ ಸುರಿಯಬೇಡಿ. ನಿಮ್ಮ ಮಾತ್ರೆಗಳು ಯಾವುವೇ ಆಗಿರಲಿ, ಔಷಧಿ ಅಂಗಡಿಯವರನ್ನು ಕೇಳಿ ವಿಲೇವಾರಿ ಮಾಡಿ.

ಇನ್ನು ಪೆರಾಕ್ಸೈಡ್, ಅದು ನಿಧಾನವಾಗಿ ನೀರು ಮತ್ತು ಆಮ್ಲಜನಕವಾಗುತ್ತದೆ. ಬೆಳಕು ಬಿದ್ದರೆ ಬೇಗ ಒಡೆಯುತ್ತದೆಂದೇ ಅದಕ್ಕೆ ಬೆಳಕು ತೂರದ ಬಾಟಲಿ. ಬ್ಲೀಚ್ ಕೂಡ ಕೂತಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಹಳೆಯ ಬಾಟಲಿಯದನ್ನು ಎಂದಿನ ಅಳತೆಯಲ್ಲೇ ನೀರಿಗೆ ಬೆರೆಸಿ ಒರೆಸಿದರೆ ನೆಲ ಸ್ವಚ್ಛವಾದಂತೆ ಕಾಣುತ್ತದೆ, ರೋಗಾಣುಗಳು ಮಾತ್ರ ಸಾಯದೆ ಉಳಿಯಬಹುದು.