ಚಳಿಗಾಲಕ್ಕೆ ಕುದುರೆ ಲಾಯ ಹೇಗೆ ಸಿದ್ಧ ಮಾಡಬೇಕು?

ಇಂಗ್ಲೆಂಡಿನ ಚಳಿಗೆ ಕುದುರೆಯನ್ನು ಹೇಗೆ ಸಿದ್ಧ ಮಾಡುವುದು, ಲಾಯದ ಕಿಟಕಿ ಮುಚ್ಚಬೇಕಾ ಅಂತ ಕೇಳಿದ್ದೀರಿ. ಕಿಟಕಿ ಮಾತ್ರ ಮುಚ್ಚಬೇಡಿ. ಗಾಳಿ ಆಡದಿದ್ದರೆ ಮೂತ್ರದ ಅಮೋನಿಯಾ, ಹುಲ್ಲಿನ ಧೂಳು ಒಳಗೇ ನಿಂತು ಕೆಮ್ಮು ಬರುತ್ತದೆ. ದಪ್ಪ ಕೂದಲು ಬಂದಿರುವ ಆರೋಗ್ಯವಂತ ಕುದುರೆ ಸೊನ್ನೆ ಡಿಗ್ರಿಯನ್ನು ಸಲೀಸಾಗಿ ತಡೆಯುತ್ತದೆ. ಅದಕ್ಕೆ ಕಷ್ಟ ಆಗುವುದು ಮಳೆ, ಗಾಳಿ ಒಟ್ಟಿಗೆ ಬಂದಾಗ. ಕೂದಲು ಕತ್ತರಿಸಿದ, ಮುದಿ, ಬಡಕಲು ಕುದುರೆಗಳಿಗೆ ಕಂಬಳಿ ಬೇಕು.

ಮೈ ಬೆಚ್ಚಗಿಡುವುದು ಒಣಹುಲ್ಲು. ಅದು ದೊಡ್ಡ ಕರುಳಿನಲ್ಲಿ ಹುದುಗುವಾಗ ಶಾಖ ಹುಟ್ಟುತ್ತದೆ. 500 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ ಸುಮಾರು 10 ಕೆ.ಜಿ. ಲೆಕ್ಕ ಹಾಕಿ, ಈಗಲೇ ದಾಸ್ತಾನು ಮಾಡಿ. ಧಾನ್ಯ ಸುಮ್ನೆ ಹೆಚ್ಚಿಸಬೇಡಿ.

ನೀರನ್ನು ಬಹಳ ಜನ ಮರೆಯುತ್ತಾರೆ. ನೀರು ಕೊರೆಯುವಷ್ಟು ತಣ್ಣಗಿದ್ದರೆ ಕುದುರೆ ಕಡಿಮೆ ಕುಡಿಯುತ್ತದೆ. ಒಣಹುಲ್ಲು ಜಾಸ್ತಿ, ನೀರು ಕಡಿಮೆ ಆದರೆ ಕರುಳು ಕಟ್ಟಿಕೊಂಡು ಹೊಟ್ಟೆನೋವು ಬರಬಹುದು. ಅದು ಜೀವಕ್ಕೇ ಅಪಾಯ. ಹಾಗಾಗಿ ನಲ್ಲಿ ಪೈಪಿಗೆ ಫೋಮ್ ಸುತ್ತಿ. ತೊಟ್ಟಿಯ ಮಂಜುಗಡ್ಡೆಯನ್ನು ಬೆಳಿಗ್ಗೆ, ಸಂಜೆ ಒಡೆಯಿರಿ. ಸಾಧ್ಯವಾದರೆ ಬಕೆಟ್ಟಿಗೆ ಸ್ವಲ್ಪ ಬಿಸಿನೀರು ಬೆರೆಸಿ. ಗೇಟಿನ ಹತ್ತಿರ ಕೆಸರಾಗುವ ಜಾಗಕ್ಕೆ ಮಳೆ ಹಿಡಿಯುವ ಮುಂಚೆಯೇ ಜಲ್ಲಿ ಹಾಕಿಸಿ.