ರಿಸ್ಟ್ರೇಂಟ್ ಪದಕ್ಕೂ ಕನ್‌ಸ್ಟ್ರೇಂಟ್, ರಿಸ್ಟ್ರಿಕ್ಷನ್, ಕಂಟ್ರೋಲ್ ಪದಗಳಿಗೂ ಏನು ವ್ಯತ್ಯಾಸ?

ಮೊದಲ ಮೂರೂ ‘ಬಿಗಿಯಾಗಿ ಎಳೆ’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ ಸ್ಟ್ರಿಂಗೆರೆಯಿಂದ ಬಂದವು. ಅದಕ್ಕೇ ಗೊಂದಲ.

ರಿಸ್ಟ್ರೇಂಟ್ ಎನ್ನಬೇಕಾದರೆ ಮುನ್ನುಗ್ಗುವ ಒತ್ತಡ ಮೊದಲೇ ಇರಬೇಕು. ಅದನ್ನು ಹಿಡಿದು ನಿಲ್ಲಿಸುವುದೇ ಈ ಪದದ ಜೀವಾಳ. ಸಿಟ್ಟು ನೆತ್ತಿಗೇರಿದೆ, ಬೈಗುಳ ನಾಲಿಗೆ ತುದಿಗೆ ಬಂದಿದೆ, ಆದರೂ ತುಟಿ ಬಿಚ್ಚಲಿಲ್ಲ ಎಂದರೆ ಅದು ರಿಸ್ಟ್ರೇಂಟ್. ಸಿಟ್ಟೇ ಬಾರದವರ ಮೌನಕ್ಕೆ ಈ ಪದ ಒಪ್ಪುವುದಿಲ್ಲ.

ಕನ್‌ಸ್ಟ್ರೇಂಟ್ ಪರಿಸ್ಥಿತಿ ಹಾಕುವ ಮಿತಿ: ಸಮಯವಿಲ್ಲ, ಹಣವಿಲ್ಲ, ಜಾಗವಿಲ್ಲ. ರಿಸ್ಟ್ರಿಕ್ಷನ್ ಸಾಮಾನ್ಯವಾಗಿ ಅಧಿಕಾರವಿದ್ದವರು ವಿಧಿಸುವ ನಿರ್ಬಂಧ; ವೇಗದ ಮಿತಿ, ವಯಸ್ಸಿನ ಮಿತಿ ಈ ಗುಂಪಿನವು. ಕಂಟ್ರೋಲ್ ತಡೆಯುವುದಷ್ಟೇ ಅಲ್ಲ, ಬೇಕಾದ ಕಡೆಗೆ ನಡೆಸುತ್ತದೆ ಕೂಡ.

ರಿಸ್ಟ್ರೇಂಟ್ ಪದವನ್ನು ಬಳಸುವಾಗ ಎಡವುವುದು ಮುಖ್ಯವಾಗಿ ಎರಡು ಕಡೆ. ಸಂಯಮದ ಅರ್ಥದಲ್ಲಿ ಇದಕ್ಕೆ ಬಹುವಚನವಿಲ್ಲ: ‘ಶೋ ರಿಸ್ಟ್ರೇಂಟ್’ ಎನ್ನಬೇಕು. ‘ರಿಸ್ಟ್ರೇಂಟ್ಸ್’ ಎಂದ ಕೂಡಲೇ ಸೀಟ್ ಬೆಲ್ಟ್, ಕೈಕೋಳ, ಕಟ್ಟುವ ಪಟ್ಟಿಗಳಂಥ ವಸ್ತುಗಳೋ ಹೊರಗಿನ ಕಟ್ಟುಪಾಡುಗಳೋ ಕಣ್ಮುಂದೆ ಬರುತ್ತವೆ. ಇನ್ನೊಂದು, ‘ಐ ರಿಸ್ಟ್ರೇನ್ಡ್ ಫ್ರಮ್ ಸ್ಪೀಕಿಂಗ್’ ಎಂದು ಬರೆಯುವುದು. ರಿಸ್ಟ್ರೇನ್ ಕ್ರಿಯಾಪದಕ್ಕೆ ಕರ್ಮಪದ ಬೇಕೇ ಬೇಕು, ಆದ್ದರಿಂದ ‘ಐ ರಿಸ್ಟ್ರೇನ್ಡ್ ಮೈಸೆಲ್ಫ್’ ಎನ್ನಿ. ಕರ್ಮಪದ ಬೇಡವೆಂದರೆ ‘ಐ ರಿಫ್ರೇನ್ಡ್ ಫ್ರಮ್ ಸ್ಪೀಕಿಂಗ್’ ಸರಿ. ಆದರೆ ಅದರಲ್ಲಿ ಒಳಗಿನ ತುಮುಲ ಅಷ್ಟಾಗಿ ಕಾಣುವುದಿಲ್ಲ, ಮಾತಾಡಲಿಲ್ಲ ಎಂಬುದಷ್ಟೇ ತಿಳಿಯುತ್ತದೆ.