ಸಂಪಾದಕರ ಉತ್ತರ: ಆ ಫೋಟೋ ಅವರ ಕೈಗೂ ಸೇರಲಿ

ಮೈಸೂರಿನ ಕುವೆಂಪುನಗರದಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ವಾರವೆಲ್ಲ ಆಫೀಸು. ಭಾನುವಾರ ಬೆಳಿಗ್ಗೆ ಮಾತ್ರ ಕ್ಯಾಮೆರಾ ಹಿಡಿದು ದೇವರಾಜ ಮಾರುಕಟ್ಟೆ, ಅಗ್ರಹಾರ, ಮಂಡಿ ಮೊಹಲ್ಲಾ ಅಂತ ಸುತ್ತುತ್ತೇನೆ. ಗುರುತಿಲ್ಲದವರ ಮುಖ ತೆಗೆಯುವುದು ನನಗೆ ತುಂಬಾ ಇಷ್ಟ. ಹೋದ ತಿಂಗಳು ಅರಮನೆ ಕೋಟೆ ಪಕ್ಕ ಟಾಂಗಾದ ಯಜಮಾನರೊಬ್ಬರು ಕುದುರೆಗೆ ಹುಲ್ಲು ಹಾಕುತ್ತಿದ್ದರು. ದೂರದಿಂದಲೇ ಒಂದು ಫೋಟೋ ತೆಗೆದೆ. ಅವರು ನೋಡಿಬಿಟ್ಟರು. 'ಯಾಕವ್ವ, ಒಂದ್ ಮಾತು ಕೇಳ್ಬುಟ್ಟು ತೆಗಿಬಾರ್ದಾ?' ಅಂದರು. ಬೈಯಲಿಲ್ಲ, ಅಷ್ಟೇ ಅಂದರು. ಅವತ್ತಿನಿಂದ ಕ್ಯಾಮೆರಾ ಬೀರುವಿನಲ್ಲಿದೆ. ಆ ಫೋಟೋ ಅಳಿಸಲು ಮನಸ್ಸಿಲ್ಲ, ಯಾರಿಗೂ ತೋರಿಸಲೂ ಮನಸ್ಸಿಲ್ಲ. ಕೇಳಿದರೆ ಮುಖ ಬಿಗಿಯಾಗುತ್ತದೆ. ಕೇಳದಿದ್ದರೆ ಕದ್ದ ಹಾಗಾಗುತ್ತದೆ. ಏನು ಮಾಡಲಿ?"

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಜೊತೆಗೆ ಕಳಿಸಿದ ಫೋಟೋ ನನ್ನ ಮೇಜಿನ ಮೇಲೇ ಇದೆ. ಕುದುರೆ ಕಿವಿ ನಿಮಿರಿಸಿದೆ. ಯಜಮಾನರ ಎಡಗೈ ಅದರ ಕುತ್ತಿಗೆಯ ಮೇಲಿದೆ. ಕ್ಯಾಮೆರಾ ಇದೆ ಅಂತ ಗೊತ್ತಿದ್ದರೆ ಆ ಕೈ ಹಾಗೆ ಇರುತ್ತಿರಲಿಲ್ಲ, ನಿಜ. ಅಳಿಸಬೇಡಿ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನಿಮ್ಮ ಇಷ್ಟಕ್ಕೆ ನೀವು ತೆಗೆದ ಫೋಟೋದ ಹಕ್ಕು ನಿಮ್ಮದೇ. ಅದರಲ್ಲಿರುವ ಮುಖದವರದ್ದಲ್ಲ. ಆದರೆ ನಿಮ್ಮನ್ನು ಕಾಡುತ್ತಿರುವುದು ಕಾಯ್ದೆ ಅಲ್ಲ, ಅಲ್ವಾ? ಒಬ್ಬ ಹಿರಿಯರು ಬೇಸರದಲ್ಲಿ ಆಡಿದ ಒಂದು ಮಾತು.

ಆ ಮಾತನ್ನು ಸ್ವಲ್ಪ ಅವರ ಕಡೆಯಿಂದ ನೋಡಿ. ಮೈಸೂರಿನಲ್ಲಿ ಟಾಂಗಾದವರಷ್ಟು ಫೋಟೋಗೆ ಸಿಕ್ಕಿದವರು ಬಹಳ ಕಡಿಮೆ. ದಸರಾ ಬಂದರೆ ಸಾಕು, ಕಂಡವರೆಲ್ಲ ಫೋನ್ ಎತ್ತುತ್ತಾರೆ. ಅವರ ಮುಖ ಎಷ್ಟೋ ಊರುಗಳಿಗೆ ಹೋಗಿದೆ. ಅವರ ಮನೆಗೆ ಅದರಲ್ಲಿ ಒಂದಾದರೂ ಬಂದಿರುತ್ತದೆಯೇ? ನನಗೆ ಅನುಮಾನ. ಅದಕ್ಕೇ ಹೇಳುತ್ತೇನೆ, ಕೇಳಬೇಕೋ ಬೇಡವೋ ಅನ್ನುವುದು ಅರ್ಧ ಪ್ರಶ್ನೆ ಮಾತ್ರ. ತೆಗೆದ ಮೇಲೆ ಅದನ್ನು ಅವರಿಗೆ ಕೊಡುತ್ತೀರಾ ಅನ್ನುವುದು ಇನ್ನರ್ಧ. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು.

ಜಗತ್ತಿಗೆಲ್ಲ ಗೊತ್ತಿರುವ ಒಂದು ಫೋಟೋ ಇದೆ. 1936ರ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಬಟಾಣಿ ಕೀಳಲು ಬಂದಿದ್ದ ಕೂಲಿಯವರ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದದ್ದು. ತಾಯಿ ಗಲ್ಲಕ್ಕೆ ಕೈ ಕೊಟ್ಟು ದೂರ ನೋಡುತ್ತಿದ್ದಾಳೆ. ಎರಡೂ ಭುಜಕ್ಕೆ ಮಕ್ಕಳು ಮುಖ ಒತ್ತಿಕೊಂಡಿವೆ. ಆ ತಾಯಿಯ ಹೆಸರನ್ನೂ ಕೇಳಲಿಲ್ಲ ಅಂತ ಲ್ಯಾಂಗ್ ಅವರೇ ಮುಂದೆ ಬರೆದರು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಲೋಕಕ್ಕೆ ಗೊತ್ತಾದದ್ದು 1978ರಲ್ಲಿ. ಅಂದರೆ 42 ವರ್ಷ ಬಿಟ್ಟು. ಆಗ ಆಕೆ ಹೇಳಿದ್ದು ಸಂತೋಷದ ಮಾತಲ್ಲ. ಆ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂದರು. ಒಂದು ಪ್ರತಿ ಕಳಿಸುತ್ತೇನೆ ಅಂದಿದ್ದರು, ಕಳಿಸಲೇ ಇಲ್ಲ ಅಂದರು. ನನಗೆ ಈ ಕೊನೇ ಮಾತು ಚುಚ್ಚುತ್ತದೆ. ಅಷ್ಟು ವರ್ಷವಾದರೂ ಒಂದು ಪ್ರತಿ ಬರಲಿಲ್ಲ ಅನ್ನುವುದನ್ನು ಆಕೆ ಮರೆತಿರಲಿಲ್ಲ. 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದ ಹಸಿರು ಕಣ್ಣಿನ ಅಫ್ಘನ್ ಹುಡುಗಿಯದ್ದೂ ಇಂಥದ್ದೇ ಕಥೆ. ತನ್ನ ಆ ಫೋಟೋವನ್ನು ಅವಳು ಮೊದಲ ಸಲ ನೋಡಿದ್ದು 2002ರಲ್ಲಿ.

ಬೇರೆಯವರ ಕಥೆ ಇರಲಿ. ನನ್ನದನ್ನೂ ಹೇಳಬೇಕು.

1994. ಕಪ್ಪು ಬಿಳುಪು ರೋಲ್ ಹಾಕಿಕೊಂಡು ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಿಂತಿದ್ದೆ. ಒಬ್ಬ ಅಮ್ಮ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಟಾರ್ಪಾಲಿನ ಸಂದಿಯಿಂದ ಬೆಳಕು ಬಂದು ಅರ್ಧ ಮುಖ, ಎರಡು ಕೈ ಮಾತ್ರ ಕಾಣುತ್ತಿತ್ತು. ತೆಗೆದೆ. ತಂದುಕೊಡುತ್ತೇನೆ ಅಂದೆ. ಫೋಟೋ ಒಂದು ವಾರಪತ್ರಿಕೆಯಲ್ಲಿ ಬಂತು, ಗೆಳೆಯರೆಲ್ಲ ಹೊಗಳಿದರು. ಆ ಅಮ್ಮನಿಗೆ ಪ್ರಿಂಟ್ ತೆಗೆದುಕೊಂಡು ಹೋಗಲು ನನಗೆ ಮೂರು ತಿಂಗಳು ಬೇಕಾಯಿತು.

ಅವರು ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದೇನ್ ಸ್ವಾಮಿ, ಅರ್ಧ ಮುಖ ಕಪ್ಪಗದೆ. ಇದು ನಾನಾ? ಸರ್ಯಾಗಿ ಒಂದ್ ತಗ್ದುಕೊಡಿ, ನಿಂತ್ಕತೀನಿ" ಅಂದರು. ಹೂವಿಗೆ ಚಿಮುಕಿಸುವ ನೀರಿನಲ್ಲೇ ಮುಖ ತೊಳೆದರು. ಸೆರಗು ಸರಿ ಮಾಡಿಕೊಂಡರು. ತಮ್ಮ ಬುಟ್ಟಿಯಿಂದಲೇ ಒಂದು ಮೊಳ ಕನಕಾಂಬರ ತೆಗೆದು ಮುಡಿದರು. ಪಕ್ಕದ ಅಂಗಡಿಯಲ್ಲಿದ್ದ ತಂಗಿಯ ಮಗನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ನೆಟ್ಟಗೆ ನಿಂತರು. ನಗಲಿಲ್ಲ. ನನಗೆ ಒಳಗೊಳಗೇ ಬೇಸರ, ಆದರೂ ತೆಗೆದೆ. ಮುಂದಿನ ವಾರ ಎರಡು ಪ್ರತಿ ಕೊಟ್ಟೆ. ಒಂದನ್ನು ದುಡ್ಡಿನ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಕೊಂಡರು. ನಾನು ಮೆಚ್ಚಿದ್ದ ಮೊದಲನೆಯದನ್ನು ನನಗೇ ವಾಪಸ್ ಕೊಟ್ಟರು. "ಇದ್ ನೀವೇ ಮಡಿಕಳಿ."

ಆಗ ಅರ್ಥವಾಗಲಿಲ್ಲ. ಅವರ ಪಾಲಿಗೆ ಫೋಟೋ ಅಂದರೆ ಮದುವೆಯಂಥ ದೊಡ್ಡ ದಿನದ ವಿಷಯ. ಅದಕ್ಕೆ ತಯಾರಾಗಿ ನಿಲ್ಲಬೇಕು. ನಾನು ಹಿಡಿದದ್ದು ಅವರ ಕೆಲಸವನ್ನು, ಬೆಳಕನ್ನು. ಅವರು ಕೇಳಿದ್ದು ತಮ್ಮ ಮುಖವನ್ನು. ನೆಟ್ಟಗೆ ನಿಂತ ಫೋಟೋ ಅಂದರೆ ನಾವು ಮೂಗು ಮುರಿಯುತ್ತೇವೆ, ಸಹಜವಾಗಿಲ್ಲ ಅನ್ನುತ್ತೇವೆ. ತಪ್ಪು. ಹಾಗೆ ನಿಲ್ಲುವುದೂ ಅವರದ್ದೇ ನಿಲುವು. ಆ ಅಮ್ಮ ನನಗೆ ಹೇಳಿಕೊಟ್ಟಿದ್ದನ್ನು ನಾನು ಈಗಲೂ ಬಿಟ್ಟಿಲ್ಲ. ಅವರಿಗಾಗಿ ಒಂದು, ನನಗಾಗಿ ಒಂದು. ಮೊದಲು ಅವರಿಗೆ.

ಕೇಳಿದರೆ ಮುಖ ಬಿಗಿಯಾಗುತ್ತದೆ ಅಂದಿರಿ. ಹೌದು, ಮೊದಲ ಒಂದೆರಡು ನಿಮಿಷ. ಅದನ್ನು ತಡೆಯಲು ಹೋಗಬೇಡಿ. ಬಿಗಿಯಾದ ಮುಖವನ್ನೇ ಗೌರವದಿಂದ ತೆಗೆಯಿರಿ. ಆಮೇಲೆ ಕ್ಯಾಮೆರಾ ಕೆಳಗಿಳಿಸಿ, ಕೆಲಸದ ಬಗ್ಗೆ ಏನಾದರೂ ಕೇಳಿ. ಕುದುರೆಗೆ ಎಷ್ಟು ವರ್ಷ, ಲಾಳ ಎಲ್ಲಿ ಕಟ್ಟಿಸುತ್ತೀರಿ, ಇವತ್ತು ಮೊಳ ಎಷ್ಟು. ಉತ್ತರ ಹೇಳುತ್ತಾ ಕೈ ತಾನಾಗಿ ಕೆಲಸಕ್ಕೆ ಹೋಗುತ್ತದೆ. ಆ ಹೊತ್ತಿಗೆ ನೀವು ಅಲ್ಲಿದ್ದೀರಿ ಅಂತ ಅವರಿಗೆ ಗೊತ್ತಿರುತ್ತದೆ, ಆದರೆ ಅದರ ಚಿಂತೆ ಇರುವುದಿಲ್ಲ. ನಗಿ ಅಂತ ಮಾತ್ರ ಹೇಳಬೇಡಿ. ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವ ಲೆನ್ಸ್ ಮನೆಯಲ್ಲೇ ಬಿಡಿ. ಹಾಗೆ ಎಳೆಯದ 35 ಅಥವಾ 50 ಎಂಎಂ ಲೆನ್ಸ್ ಸಾಕು. ಮಾತು ಕೇಳಿಸುವಷ್ಟು ಹತ್ತಿರ ಹೋಗಲೇಬೇಕಾಗುತ್ತದೆ. ಇನ್ನೊಂದು ಸಣ್ಣ ವಿಷಯ: ನೀಲಿ ಟಾರ್ಪಾಲಿನ ಕೆಳಗೆ ಮುಖಕ್ಕೆಲ್ಲ ನೀಲಿ ಬಣ್ಣ ಬರುತ್ತದೆ. ಎರಡು ಹೆಜ್ಜೆ ಈಚೆ ಬನ್ನಿ ಅಂತ ಕೇಳಿ, ಬರುತ್ತಾರೆ.

ಬೇಡ ಅಂದರೆ ಬೇಡ. ಸುಮ್ನೆ ನಮಸ್ಕಾರ ಹೇಳಿ ಮುಂದೆ ಹೋಗಿ. ಮಕ್ಕಳಾದರೆ ದೊಡ್ಡವರನ್ನು ಕೇಳಿ. ಬೀದಿಯಲ್ಲಿ ಮಲಗಿದವರನ್ನು, ಕುಡಿದು ಬಿದ್ದವರನ್ನು ನಾನು ತೆಗೆಯುವುದಿಲ್ಲ, ಅಂಥ ಫೋಟೋ ಈ ಪತ್ರಿಕೆಯಲ್ಲಿ ಹಾಕುವುದೂ ಇಲ್ಲ. ಬೇಡ ಅನ್ನುವ ಅವಕಾಶವೇ ಅವರಿಗಿಲ್ಲ.

ಹಾಗಾದರೆ ಕೇಳದೆ ತೆಗೆಯಲೇಬಾರದಾ? ಅಷ್ಟು ಕಟ್ಟುನಿಟ್ಟು ನನ್ನಿಂದಾಗದು. ಕೆಲವು ಕ್ಷಣ ಕೇಳುವಷ್ಟರಲ್ಲಿ ಹೋಗಿಬಿಡುತ್ತವೆ. ಆಗ ತೆಗೆಯಿರಿ. ತೆಗೆದ ಕೂಡಲೇ ಹತ್ತಿರ ಹೋಗಿ ತೋರಿಸಿ. ಅಳಿಸು ಅಂದರೆ ಅವರ ಎದುರಿಗೇ ಅಳಿಸಿ. ನೀವು ಅವತ್ತು ತಪ್ಪಿದ್ದು ಇಲ್ಲಿ. ಅವರು ಮಾತಾಡಿಸಿದರು, ನೀವು ಹೊರಟುಬಂದಿರಿ.

ನಮ್ಮೂರಿನ ಟಿ.ಎಸ್. ಸತ್ಯನ್ ಅವರ ಫೋಟೋಗಳನ್ನು ಒಮ್ಮೆ ಹುಡುಕಿ ನೋಡಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಂದು, ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ನನಗೆ ಅವುಗಳಲ್ಲಿ ಕಾಣುವುದು ಎದುರಿಗಿದ್ದವರ ನಿರಾಳ. ಯಾರೂ ಬೆಚ್ಚಿಬಿದ್ದ ಹಾಗೆ ಇಲ್ಲ. ಆ ನಿರಾಳ ಲೆನ್ಸ್‌ನಿಂದ ಬರುವುದಲ್ಲ.

ಈಗ ನಿಮ್ಮ ಕೆಲಸ. ಬೀರುವಿನಿಂದ ಕ್ಯಾಮೆರಾ ತೆಗೆಯಿರಿ. ಆ ಫೋಟೋವನ್ನು ಯಾವುದಾದರೂ ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಭಾನುವಾರ ಬೇಗ ಹೋಗಿ, ಸವಾರಿ ಶುರುವಾಗುವ ಮೊದಲು. ಅವರಿಲ್ಲದಿದ್ದರೆ ಬೇರೆ ಟಾಂಗಾದವರಿಗೆ ತೋರಿಸಿ, ಯಾವಾಗ ಸಿಗುತ್ತಾರೆ ಅಂತ ಹೇಳುತ್ತಾರೆ. ಆದರೆ ಬೇರೆಯವರ ಕೈಗೆ ಕೊಟ್ಟು ಬರಬೇಡಿ. ನೀವೇ ಕೊಡಿ. ಅವತ್ತು ಕೇಳದೆ ತೆಗೆದದ್ದು ತಪ್ಪಾಯಿತು ಅಂತ ಹೇಳಿ. ನೆಟ್ಟಗೆ ನಿಂತು ಇನ್ನೊಂದು ತೆಗಿ ಅಂದರೆ ತೆಗೆಯಿರಿ. ಕುದುರೆಯನ್ನೂ ಸೇರಿಸಿ ಅಂದರೆ ಸೇರಿಸಿ.

ನಿಮ್ಮ ಫೋಟೋವನ್ನು ಈ ಸಂಚಿಕೆಯಲ್ಲಿ ಹಾಕಿಲ್ಲ. ಅದಕ್ಕೆ ಒಂದು ಪುಟ ಇಟ್ಟಿದ್ದೇನೆ. ಅವರು ಹೂಂ ಅಂದರೆ ಎರಡು ಸಾಲು ಬರೆದು ತಿಳಿಸಿ. ಅವರಿಗೆ ತಮ್ಮ ಹೆಸರು ಅಚ್ಚಾಗುವುದು ಬೇಕಾ ಬೇಡವಾ ಅಂತಲೂ ಕೇಳಿಕೊಂಡು ಬನ್ನಿ. ಪತ್ರಿಕೆಯ ಎರಡು ಪ್ರತಿ ಕಳಿಸುತ್ತೇನೆ, ಒಂದು ನಿಮಗೆ, ಒಂದು ಅವರಿಗೆ.